ಬಲಗಡೆಯಿಂದ ಓದುವ ಪುಸ್ತಕ

ಕಪಿಲೆಯ ದಂಡೆಯಲ್ಲಿ, ಸ್ನಾನಘಟ್ಟದ ಮೆಟ್ಟಿಲು ಹತ್ತಿ ಬಂದರೆ ಸಿಗುವಲ್ಲಿ, ಒಂದು ಕಾಮಿಕ್ಸ್ ಅಂಗಡಿ ಇತ್ತು. ಅದರ ಯಜಮಾನರು ಅಪ್ರಮೇಯ. ಹಿಂದೆ ಶಾಲೆಯಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು. ಅವರು ಶಾಲೆ ಬಿಟ್ಟರೂ ಮೇಷ್ಟ್ರು ಎಂಬ ಹೆಸರು ಅವರನ್ನು ಬಿಟ್ಟಿರಲಿಲ್ಲ.

ಅವರ ಹತ್ತಿರ ಕೆಲಸ ಕಲಿಯಲು ಕೊಳ್ಳೇಗಾಲದಿಂದ ಶಾಂಭವಿ ಎಂಬುವಳು ಬಂದಿದ್ದಳು. ತನ್ನ ಊರಿನಲ್ಲೂ ಇಂಥದೊಂದು ಅಂಗಡಿ ಇಡಬೇಕೆಂಬ ಆಸೆ ಅವಳಿಗೆ. ಅವಳು ಓದದ ಚಿತ್ರಕಥೆಯಿಲ್ಲ, ಓದಿ ಮರೆತದ್ದೂ ಇಲ್ಲ. ಮಾತಂತೂ ಅರಳು ಹುರಿದಂತೆ.

ಬಂದ ದಿನವೇ ಕೇಳಿದಳು. "ಮೇಷ್ಟ್ರೇ, ಗಿರಾಕಿಗಳಿಗೆ ಯಾವ ಪುಸ್ತಕ ತಗೊಳ್ಳಿ ಅಂತ ನಾನು ಯಾವಾಗ ಹೇಳ್ಬಹುದು?"

"ಧೂಳು ಹೊಡಿ," ಎಂದರು ಮೇಷ್ಟ್ರು.

ಮಳೆಗಾಲ ಕಳೆಯಿತು. ಶಾಂಭವಿ ಧೂಳು ಹೊಡೆದಳು, ಕಟ್ಟು ಬಿಚ್ಚಿದಳು, ಪುಸ್ತಕ ಜೋಡಿಸಿದಳು. ಮೇಷ್ಟ್ರು ಪುಸ್ತಕ ಕೊಡುವ ರೀತಿಯನ್ನು ನೋಡಿದಳು. ನೋಡಲು ಅಲ್ಲಿ ಹೆಚ್ಚೇನೂ ಇರಲಿಲ್ಲ. ಯಾರಾದರೂ ಬಂದು "ಹೊಸದೇನು ಬಂದಿದೆ?" ಎಂದರೆ ಮೇಷ್ಟ್ರು ಅವರ ಮುಖ ನೋಡುತ್ತಿದ್ದರು, ಒಂದು ಪುಸ್ತಕ ತೆಗೆದು ಕೈಗೆ ಕೊಡುತ್ತಿದ್ದರು. ಅಷ್ಟೇ.

"ಒಂದೆರಡು ಮಾತಲ್ಲಿ ಶಿಫಾರಸು ಮಾಡಬಾರದಾ ಮೇಷ್ಟ್ರೇ?"

"ಶಿಫಾರಸು ಕೆಲಸಕ್ಕೆ ಬೇಕು, ಕಾಲೇಜು ಸೀಟಿಗೆ ಬೇಕು. ಕಥೆಗೆ ಯಾಕಮ್ಮ?"

ಈ ಮಾತು ಶಾಂಭವಿಗೆ ಹಿಡಿಸಲಿಲ್ಲ. ಗುರುಗಳ ಮಾತೆಲ್ಲ ಹಿಡಿಸಲೇಬೇಕೆಂದು ಯಾವ ಶಿಷ್ಯರೂ ಬರೆದುಕೊಟ್ಟಿರುವುದಿಲ್ಲ.

ಒಂದು ಗುರುವಾರ ಹೊಸ ಪುಸ್ತಕಗಳ ಕಟ್ಟು ಬಂತು. ಅವತ್ತು ಮೇಷ್ಟ್ರಿಗೆ ನೆಗಡಿಯಾಗಿ ಗಂಟಲು ಕಟ್ಟಿತ್ತು.

"ಇವತ್ತು ನೀನೇ ಕೊಡು," ಎಂದು ಹೇಳಿ ಮೆಣಸಿನ ಕಷಾಯ ಹಿಡಿದುಕೊಂಡು ಮೂಲೆಗೆ ಹೋಗಿ ಕೂತರು. ಶಾಂಭವಿಗೆ ಸ್ವರ್ಗ ಮೂರೇ ಗೇಣು.

ಮಧ್ಯಾಹ್ನ ಒಬ್ಬ ಹೆಂಗಸು ಬಂದು ಬಾಗಿಲ ಹೊರಗೇ ನಿಂತಳು. ಹೆಸರು ಸರ್ವಮಂಗಳ. ಹಿಂದೆ ಎಂದೂ ಅಂಗಡಿಗೆ ಬಂದವಳಲ್ಲ.

"ಪಿಯುಸಿ ಓದೋ ಹುಡುಗಿಗೆ ಹಿಡಿಸೋ ಅಂಥದ್ದು ಹೊಸದೇನಾದ್ರೂ ಬಂದಿದೆಯಾ?"

"ಯಾರಿಗಮ್ಮ?"

"ನನ್ನ ಮಗಳಿಗೆ. ವರ್ಷಿಣಿ ಅಂತ. ಇಲ್ಲಿಗೇ ಬರ್ತಿದ್ಲು." ಸರ್ವಮಂಗಳ ಸೆರಗಿನ ತುದಿ ಹಿಡಿದುಕೊಂಡಳು. "ಪರೀಕ್ಷೆ ಹತ್ರ ಬಂತು ಅಂತ ಅವಳ ಈ ಬೊಂಬೆ ಪುಸ್ತಕ ಎಲ್ಲಾ ಹಳೇ ಪೇಪರಿನವನಿಗೆ ಹಾಕ್ಬಿಟ್ಟೆ. ಅವತ್ತಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಪರೀಕ್ಷೆ ಆಯ್ತು, ಪಾಸೂ ಆದ್ಲು. ಊಟಕ್ಕೆ ಬಾ ಅಂದ್ರೆ ಬರ್ತಾಳೆ, ಉಣ್ತಾಳೆ, ಎದ್ದು ಹೋಗ್ತಾಳೆ. ಮನೇಲಿ ಇರೋದೇ ನಾವಿಬ್ರು ಕಣಮ್ಮ."

ಶಾಂಭವಿಗೆ ಕರುಳು ಚುರುಕ್ ಎಂದಿತು. ಹೊಸ ಪುಸ್ತಕಗಳಲ್ಲೆಲ್ಲ ತಾನು ಹಿಂದೆಯೇ ಇಂಗ್ಲಿಷಿನಲ್ಲಿ ಓದಿ ತುಂಬ ಮೆಚ್ಚಿದ್ದನ್ನು ತೆಗೆದಳು. ಒಬ್ಬ ಹುಡುಗಿ ಸಿಟ್ಟಿನಿಂದ ಮನೆ ಬಿಟ್ಟು ಹೋಗುವುದು, ಕಡಲ ನಡುವಿನ ದ್ವೀಪ ಸೇರುವುದು, ಕಷ್ಟಪಡುವುದು, ಕೊನೆಗೆ ತಪ್ಪು ತಿಳಿದು ಬಂದು ಅಮ್ಮನನ್ನು ತಬ್ಬಿಕೊಳ್ಳುವುದು, ಎಲ್ಲವನ್ನೂ ಹೇಳಿದಳು. ಕೈ ತಿರುಗಿಸಿ, ದನಿ ಏರಿಸಿ ಇಳಿಸಿ ಹೇಳಿದಳು. ಸರ್ವಮಂಗಳ ಕಣ್ಣೊರೆಸಿಕೊಂಡು ಪುಸ್ತಕವನ್ನು ಎದೆಗವಚಿಕೊಂಡು ಹೋದಳು.

"ಹೇಗೆ ಹೇಳಿದೆ ಮೇಷ್ಟ್ರೇ?"

"ಚೆನ್ನಾಗಿ ಹೇಳಿದೆ. ಇನ್ನು ಅದನ್ನ ಯಾರೂ ಓದಬೇಕಾಗಿಲ್ಲ."

ಎರಡು ದಿನಕ್ಕೆ ಸರ್ವಮಂಗಳ ತಿರುಗಿ ಬಂದಳು. ಪುಸ್ತಕದ ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರಲಿಲ್ಲ.

"ನೀನು ಹೇಳಿದ್ದನ್ನೇ ಹೇಳ್ದೆ ಕಣಮ್ಮ. ಇದ್ರಲ್ಲಿ ಕೊನೆಗೆ ಮಗಳಿಗೆ ತನ್ನ ತಪ್ಪು ಗೊತ್ತಾಗಿ ಅಮ್ಮನ್ನ ತಬ್ಕೊಳ್ತಾಳಂತೆ, ಓದು ಅಂದೆ. ಕೆಳಗಿಟ್ಟು ಎದ್ದು ಹೋದ್ಲು. ಮೊದಲು ಊಟಕ್ಕಾದ್ರೂ ಜೊತೇಲಿ ಕೂರ್ತಿದ್ಲು. ನಿನ್ನೆ ತಟ್ಟೆ ತಗೊಂಡು ರೂಮಿಗೆ ಹೋದ್ಲು."

ಭೂಮಿ ಬಾಯಿ ಬಿಡಬಾರದೇ ಎನಿಸಿತು ಶಾಂಭವಿಗೆ. ಆ ಕೊನೆಯನ್ನು ತಾಯಿಯ ಕೈಗೆ ಕೋಲಿನ ಹಾಗೆ ಕೊಟ್ಟು ಕಳಿಸಿದವಳು ತಾನೇ.

ಮೇಷ್ಟ್ರು ಎದ್ದು ಬಂದರು. ಹೊಸ ಕಟ್ಟಿನಿಂದ ಬೇರೊಂದು ಪುಸ್ತಕ ತೆಗೆದರು. ಅದು ಜಪಾನಿನ ಚಿತ್ರಕಥೆ, ಕನ್ನಡಕ್ಕೆ ಬಂದದ್ದು. ಅಂಥ ಪುಸ್ತಕವನ್ನು ಅಲ್ಲಿನವರ ರೀತಿಯಲ್ಲೇ ಬಲಗಡೆಯಿಂದ ಎಡಕ್ಕೆ ಓದಬೇಕು. ನಾವು ಕೊನೆಯ ಪುಟ ಎನ್ನುವುದೇ ಅದರ ಮೊದಲ ಪುಟ. ರೂಢಿಯಿರುವ ಮಕ್ಕಳಿಗೆ ಇದು ನೀರು ಕುಡಿದಷ್ಟು ಸುಲಭ. ಹೊಸಬರು ನಮ್ಮ ಪುಸ್ತಕದ ಹಾಗೆ ತೆರೆದರೆ ಕಥೆಯನ್ನು ಬಾಲದಿಂದ ಹಿಡಿಯುತ್ತಾರೆ.

"ಇದು ಮಗಳಿಗಲ್ಲ, ನಿಮಗೆ," ಎಂದರು ಮೇಷ್ಟ್ರು. "ನೀವು ಓದಿ."

"ನಾನಾ? ನಾನು ಇಂಥದ್ದೆಲ್ಲ ಓದಿದವಳೇ ಅಲ್ಲ ಮೇಷ್ಟ್ರೇ."

"ಅದಕ್ಕೇ ಕೊಡ್ತಿರೋದು. ಊಟದ ಹೊತ್ತಲ್ಲಿ ಓದಿ. ರೂಮಿಗೆ ಕೇಳಿಸೋ ಹಾಗೆ ಜೋರಾಗಿ ಓದಿ."

ಶಾಂಭವಿಗೆ ತಡೆಯಲಾಗಲಿಲ್ಲ. "ಅಮ್ಮ, ಅದನ್ನ ನೀವು..."

"ಶಾಂಭವಿ, ಹೊಳೆಯಿಂದ ಒಂದು ಬಿಂದಿಗೆ ನೀರು ತಾ."

"ಬಿಂದಿಗೆ ತುಂಬಿದೆಯಲ್ಲ ಮೇಷ್ಟ್ರೇ."

ಮೇಷ್ಟ್ರು ಬಿಂದಿಗೆ ಎತ್ತಿ ಅಷ್ಟೂ ನೀರನ್ನು ಅಂಗಡಿಯ ಮುಂದೆ ಸುರಿದರು. ಖಾಲಿ ಬಿಂದಿಗೆಯನ್ನು ಅವಳ ಕೈಗೆ ಕೊಟ್ಟರು.

ಅವಳು ನೀರು ತರುವಷ್ಟರಲ್ಲಿ ಸರ್ವಮಂಗಳ ಹೊರಟು ಹೋಗಿದ್ದಳು.

"ಆಯಮ್ಮ ಹಿಂದುಮುಂದಾಗಿ ಓದ್ತಾರೆ ಮೇಷ್ಟ್ರೇ."

"ಓದಲಿ."

"ತಲೆಬುಡ ಅರ್ಥ ಆಗಲ್ಲ."

"ಆಗದೇ ಇರಲಿ."

ಆಮೇಲಿನ ದಿನಗಳು ಶಾಂಭವಿಗೆ ಕೆಂಡದ ಮೇಲೆ ಕೂತಂತಿದ್ದವು. ತಪ್ಪು ಮಾಡಿದ್ದು ತಾನು, ಪೇಚಾಡಬೇಕಾದ್ದು ಆ ತಾಯಿ. ಮೇಷ್ಟ್ರ ಮೇಲೆ ಸಿಟ್ಟು ಬಂತು. ಒಂದು ಸಂಜೆ ಆ ಮನೆಗೇ ಹೋಗಿ ಹೇಳಿಬಿಡೋಣ ಎಂದು ಚಪ್ಪಲಿ ಮೆಟ್ಟಿಕೊಂಡಳು.

"ಎಲ್ಲಿಗಮ್ಮ?"

"ಇಲ್ಲೇ ಹೋಗಿ ಬರ್ತೀನಿ ಮೇಷ್ಟ್ರೇ."

"ಹೋಗಿ ಬಾ. ಬಾಯಿ ಇಲ್ಲೇ ಇಟ್ಟು ಹೋಗು."

ಶಾಂಭವಿ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಳು.

ಮುಂದಿನ ವಾರ ತಾಯಿ ಮಗಳು ಇಬ್ಬರೂ ಬಂದರು. ಮಗಳು ಮುಂದೆ, ತಾಯಿ ಹಿಂದೆ. ವರ್ಷಿಣಿಯ ಮೂಗಿನ ತುದಿ ಕೆಂಪಾಗಿತ್ತು.

"ಅಮ್ಮನಿಗೆ ಇದನ್ನ ಕೊಟ್ಟಿದ್ದು ಯಾರು?"

"ನಾನು," ಎಂದರು ಮೇಷ್ಟ್ರು.

"ಹೇಗೆ ಓದ್ಬೇಕು ಅಂತ ಹೇಳ್ಬಾರ್ದಾ? ದಿನಾ ಊಟದ ಹೊತ್ತಿಗೆ ಶುರು ಮಾಡ್ತಾಳೆ. ಸತ್ತವನು ಎದ್ದು ಕೂತ ಅಂತಾಳೆ. ಮದುವೆ ಆದವರು ಆಮೇಲೆ ಹೆಸರು ಕೇಳ್ಕೊಂಡ್ರು ಅಂತಾಳೆ. ಎಷ್ಟು ದಿನ ಅಂತ ಕೇಳಿಸ್ಕೊಂಡಿರೋದು? ಕೊನೆಗೆ ತಟ್ಟೆ ಹಿಡ್ಕೊಂಡು ಎದ್ದು ಬಂದು ಹೇಳ್ದೆ, ಅಮ್ಮಾ, ಆ ಕಡೆಯಿಂದ ಅಂತ."

"ನಂಗೆ ಹಾಗೇ ಚೆನ್ನಾಗಿತ್ತು," ಎಂದಳು ಸರ್ವಮಂಗಳ. "ಸತ್ತವನು ಎದ್ದು ಕೂತ್ರೆ ಯಾರು ಬೇಡ ಅಂತಾರೆ?"

"ಕಥೆ ಅದಲ್ಲ ಅಮ್ಮ."

"ನಿಂಗೆ ಗೊತ್ತು, ನಂಗೇನು ಗೊತ್ತು? ಮೊದಲು ಯಾವ ಚೌಕ ಓದ್ಬೇಕು, ಆಮೇಲೆ ಯಾವುದು, ಬೆರಳಿಟ್ಟು ನೀನೇ ತೋರಿಸ್ದೆಯಲ್ಲ."

"ತೋರಿಸ್ದೆ ಅಂದ್ರೆ ನನ್ನ ಪುಸ್ತಕ ಹಾಕಿದ್ದನ್ನ ಮರೆತೆ ಅಂತ ಅಲ್ಲ."

"ಮರೀಬೇಡ," ಎಂದಳು ಸರ್ವಮಂಗಳ. "ಬೈತಾ ಇರು. ನಿನ್ನ ದನಿ ಕೇಳಿಸ್ತಾ ಇದ್ರೆ ಸಾಕು."

ವರ್ಷಿಣಿ ಮುಖವನ್ನು ಆ ಕಡೆ ತಿರುಗಿಸಿ ಕಪಾಟಿನ ಪುಸ್ತಕಗಳನ್ನೇ ನೋಡುತ್ತಾ ನಿಂತಳು. ಅಲ್ಲಿಂದಲೇ ಮೆಲ್ಲಗೆ ಕೇಳಿದಳು. "ಇದರ ಎರಡನೇ ಭಾಗ ಬಂದಿದೆಯಾ?"

ಮೇಷ್ಟ್ರು ತೆಗೆದುಕೊಟ್ಟರು. ಮೊದಲು ಯಾರು ಓದುವುದು ಎಂದು ವಾದ ಮಾಡಿಕೊಂಡೇ ತಾಯಿ ಮಗಳು ಮನೆಯ ದಾರಿ ಹಿಡಿದರು.

ಶಾಂಭವಿ ಅವರು ಹೋದ ದಾರಿಯನ್ನೇ ನೋಡುತ್ತಾ ನಿಂತಳು. ಕಣ್ಣು ತುಂಬಿ ಬಂದಿತ್ತು. ಅಷ್ಟು ದಿನ ತಡೆದುಕೊಂಡಿದ್ದನ್ನು ಆಗ ಕೇಳಿದಳು.

"ಬಲಗಡೆಯಿಂದ ಓದಿ ಅನ್ನೋದು ಒಂದೇ ಒಂದು ಮಾತು. ಅಷ್ಟನ್ನೂ ನೀವು ಯಾಕೆ ಹೇಳಲಿಲ್ಲ ಮೇಷ್ಟ್ರೇ?"

ಮೇಷ್ಟ್ರು ಕಪಾಟಿನಲ್ಲಿ ಖಾಲಿಯಾದ ಜಾಗಕ್ಕೆ ಪುಸ್ತಕ ಸರಿಸುತ್ತಿದ್ದರು.

"ಅದನ್ನೂ ನಾವೇ ಹೇಳಿಬಿಟ್ಟಿದ್ರೆ ಆ ಮಗು ಏನು ಹೇಳ್ಬೇಕಿತ್ತಮ್ಮ?"