ಜವರ ಬೆಂಕಿಗೆರೆ ಕಾಯ್ದದ್ದು

"ಮನೆ ಸುತ್ತ ಒಣಗಿದ್ದೆಲ್ಲ ಎತ್ತಿ ಆಚೆ ಹಾಕ್ಲಾ. ಒಂದೂ ಇರಬಾರ್ದು" ಎಂದು ಮಗನಿಗೆ ಹೇಳಿ ಚೆನ್ನಾಜಮ್ಮ ಕೊಡ ಎತ್ತಿಕೊಂಡು ನೀರಿಗೆ ಹೋದಳು.

ಮಗನ ಹೆಸರು ಜವರ. ಮೀಸೆ ಬಂದಿತ್ತು. ಬುದ್ಧಿ ಬರುವುದಿತ್ತು.

ಅವರ ಮನೆ ಊರಿನ ಕೊನೆಯದು. ಹಿತ್ತಲು ಮುಗಿದರೆ ಗುಡ್ಡ, ಗುಡ್ಡದ ತುಂಬ ಕಾಡು. ಹೋದ ಬೇಸಿಗೆಯಲ್ಲಿ ಕಾಡಿನ ಬೆಂಕಿ ಇಳಿದು ಬಂದು ಚಾವಣಿಯನ್ನು ತಿಂದು ಹೋಗಿತ್ತು. ಚೆನ್ನಾಜಮ್ಮ ಮಳೆಗಾಲವನ್ನೆಲ್ಲ ಅಣ್ಣನ ಜಗಲಿಯಲ್ಲಿ ಕಳೆದಳು. ಆಮೇಲೆ ಹುಲ್ಲು ಕೊಯ್ದಳು, ಬಿದಿರು ಹೊತ್ತಳು, ಹೊಸ ಚಾವಣಿ ಹೊದಿಸಿದಳು. ಇದೂ ಹೋದರೆ ಇನ್ನೊಂದು ಹೊದಿಸುವ ತ್ರಾಣ ಅವಳಲ್ಲಿರಲಿಲ್ಲ. ಹಾಗಂತ ಜವರನಿಗೂ ಹೇಳಿದ್ದಳು. ಜವರ ಹೂಂ ಅಂದಿದ್ದ.

ಜವರ ಹೇಳಿದ್ದನ್ನು ಮಾಡುವವನು. ಮಾಡಿದ.

ಅಂಗಳದಲ್ಲಿ ಮೆಣಸಿನಕಾಯಿ ಒಣಗಿತ್ತು. ಎತ್ತಿ ಆಚೆ ಹಾಕಿದ. ಚಾಪೆಯ ಮೇಲೆ ಸಂಡಿಗೆ ಒಣಗಿತ್ತು. ಚಾಪೆಯೂ ಒಣಗಿತ್ತು. ಎರಡನ್ನೂ ಆಚೆ ಹಾಕಿದ. ಗೋಡೆಗೆ ತಟ್ಟಿದ ಬೆರಣಿ ಒಣಗಿತ್ತು. ಕಿತ್ತು ಆಚೆ ಹಾಕಿದ. ಹಗ್ಗದ ಮೇಲೆ ಅವ್ವನ ಎರಡು ಸೀರೆ. ಮುಟ್ಟಿ ನೋಡಿದ. ಒಂದು ಒಣಗಿತ್ತು, ಆಚೆ ಹಾಕಿದ. ಇನ್ನೊಂದು ಹಸಿ, ಬಿಟ್ಟ.

ಹಿಂದಿನ ಗೋಡೆಗೆ ಒತ್ತಿಕೊಂಡು ಲಾಂಟಾನದ ಪೊದೆ ಆಳುದ್ದ ಬೆಳೆದಿತ್ತು. ಹಸಿರಾಗಿತ್ತು. ಅದರ ತಂಟೆಗೆ ಹೋಗಲಿಲ್ಲ.

ಚೆನ್ನಾಜಮ್ಮ ನೀರು ಹೊತ್ತು ಬಂದಳು.

"ಮೆಣ್ಸಿನಕಾಯಿ ಎಲ್ಲಿ?"

"ಒಣಗಿತ್ತು ಕಣವ್ವ."

"ಸಂಡಿಗೆ?"

"ಒಣಗಿತ್ತು."

"ಸೀರೆ?"

"ಒಂದು ಒಣಗಿತ್ತು. ಒಂದು ಅದೆ ನೋಡು."

ಆಚೆ ಹೋಗಿ ನೋಡಿದರೆ ಸಂಡಿಗೆ ಮೇಕೆಗಳ ಹೊಟ್ಟೆಯಲ್ಲಿತ್ತು. ಸೀರೆಯ ಸೆರಗು ಒಂದರ ಬಾಯಲ್ಲಿತ್ತು. ಚೆನ್ನಾಜಮ್ಮ ಹಣೆ ಹಣೆ ಚಚ್ಚಿಕೊಂಡಳು.

"ಅಯ್ಯೋ ಮಂಕೇ! ಕಂಡಿದ್ದಕ್ಕೆಲ್ಲ ಕೈ ಹಾಕ್ತಾರೇನ್ಲಾ? ಕೈ ಹಾಕಾಕೆ ಮುಂಚೆ ಇದು ಯಾರ್ದು, ತೆಗೀಲಾ ಅಂತ ಒಂದು ಮಾತು ಕೇಳ್ಬೇಕು!"

"ಇದನ್ನ ಮೊದ್ಲೇ ಹೇಳ್ಬಾರ್ದಾ ಅವ್ವ" ಅಂದ ಜವರ.

ಮಾರನೆಯ ದಿನ ಅವನ ಕೈಗೆ ಮಚ್ಚು ಕೊಟ್ಟಳು.

"ಗೋಡೆ ಹಿಂದ್ಲ ಲಾಂಟಾನ ಕಡಿ. ಮ್ಯಾಲೆ ಹಸಿರು, ಒಳಗೆಲ್ಲ ಒಣ ಎಲೆ. ಬೆಂಕಿ ಅದನ್ನ ಹಿಡ್ಕಂಡೇ ಚಾವಣಿಗೆ ಏರಾದು. ಕಡಿದ್ಬುಡು" ಎಂದು ಕೂಲಿಗೆ ಹೋದಳು.

ಜವರ ಲಾಂಟಾನದ ಮುಂದೆ ನಿಂತ.

"ಇದು ಯಾರ್ದು? ತೆಗೀಲಾ?"

ಇನ್ನೊಂದು ಸಲ ಕೇಳಿದ. ಕೂಗಿ ಕೇಳಿದ. ಮೇಕೆ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ನಿಂತ.

"ಯಾರ್ನ ಮಾತಾಡಿಸ್ತಾ ಇದ್ದೀಯಪ್ಪ?"

"ಈ ಲಾಂಟಾನ ನಿಂದಾ?"

"ನಂದ್ಯಾಕಾದದು? ಕಾಡಿಂದು. ಸರ್ಕಾರದ್ದು."

"ಸರ್ಕಾರ ಎಲ್ಲದೆ?"

"ತಾಲ್ಲೂಕಾಫೀಸಲ್ಲದೆ. ಹೋಗು, ಕಾಯ್ತಾ ಕೂತದೆ."

ಜವರ ಬಸ್ಸು ಹತ್ತಿ ತಾಲ್ಲೂಕಿಗೆ ಹೋದ. ಆಫೀಸಿನ ಬಾಗಿಲಲ್ಲಿ ನಿಂತ. ಕೈಯಲ್ಲಿ ಮಚ್ಚು ಇತ್ತು. ಎಲ್ಲರೂ ಕಾಣಲಿ ಅಂತ ಅದನ್ನು ಮೇಲೆತ್ತಿ ಹಿಡಿದ.

"ತೆಗೀಲಾ?" ಅಂದ.

ಒಳಗಿದ್ದವರು ಬಾಗಿಲು ಹಾಕಿಕೊಂಡರು.

ಸಂಜೆ ಪೊಲೀಸಿನವರು ಅವನನ್ನು ಜೀಪಿನಲ್ಲಿ ಕರೆತಂದು ಮನೆ ಮುಂದೆ ಇಳಿಸಿದರು. "ನಿಮ್ಮ ಮಗನಾ ತಾಯಿ ಇವ್ನು?" ಎಂದು ಕೇಳಿದರು. ಹೌದು ಅನ್ನಲು ಚೆನ್ನಾಜಮ್ಮನಿಗೆ ಸ್ವಲ್ಪ ಹೊತ್ತು ಹಿಡಿಯಿತು. ಮಚ್ಚನ್ನು ಅವಳ ಕೈಗೇ ಕೊಟ್ಟು ಹೋದರು.

"ಅಯ್ಯೋ ಪೆದ್ದೇ! ಕಾಡುಗಿಡ ಕಡಿಯಾಕೆ ಯಾರ್ನ ಕೇಳ್ತಾರ್ಲಾ? ಯಾರ್ನೂ ಕೇಳ್ಬ್ಯಾಡ! ಮಚ್ಚು ಎತ್ತಿದ ಮ್ಯಾಲೆ ಯಾರು ಏನಂದ್ರೂ ನಿಲ್ಲಿಸ್ಬ್ಯಾಡ!"

"ಇದನ್ನ ಮೊದ್ಲೇ ಹೇಳ್ಬಾರ್ದಾ ಅವ್ವ" ಅಂದ ಜವರ.

ಬೆಳಗ್ಗೆ ಎದ್ದು ಮಚ್ಚು ಎತ್ತಿದ. ಮಧ್ಯಾಹ್ನದ ಹೊತ್ತಿಗೆ ಗೋಡೆ ಹಿಂದಿನ ಲಾಂಟಾನವೆಲ್ಲ ನೆಲಕ್ಕೆ ಬಿತ್ತು. ಚೊಕ್ಕ ಕೆಲಸ. ಅಲ್ಲಿಗೆ ನಿಲ್ಲಬೇಕಿತ್ತು. ನಿಲ್ಲಿಸು ಅಂತ ಯಾರೂ ಹೇಳಿರಲಿಲ್ಲ. ಹೇಳಿದರೂ ನಿಲ್ಲಿಸಬಾರದಿತ್ತು.

ಲಾಂಟಾನ ಮುಗಿದಲ್ಲಿ ರಾಚಪ್ಪನ ಬೇಲಿ ಶುರುವಾಗುತ್ತಿತ್ತು. ರಾಚಪ್ಪ ಚೆನ್ನಾಜಮ್ಮನ ಅಣ್ಣ, ಜವರನಿಗೆ ಸೋದರಮಾವ. ಆಗ ತಾನೆ ಉಣ್ಣಲು ಕೂತಿದ್ದ. ಎಂಜಲು ಕೈಯಲ್ಲೇ ಓಡಿ ಬಂದ.

"ಲೋ ಜವರ! ನಿಲ್ಸೋ! ಅದು ನಮ್ಮ ಬೇಲಿ ಕಣೋ!"

"ನಿಲ್ಸಂಗಿಲ್ಲ ಮಾವ."

"ಲೋ, ದನ ನುಗ್ತವೆ ಕಣೋ! ನಿಲ್ಸೋ!"

"ನೀನು ಏನಂದ್ರೂ ನಿಲ್ಸಂಗಿಲ್ಲ. ಅವ್ವ ಹೇಳವ್ಳೆ."

ಬೇಲಿ ಹೋಯಿತು. ಅವರೆಯ ಚಪ್ಪರ ಹೋಯಿತು. ಕಾಯಿ ಬಿಟ್ಟಿದ್ದ ಪರಂಗಿ ಗಿಡ ಹೋಯಿತು. ರಾಚಪ್ಪ ಅಳಿಯನ ಸೊಂಟ ಹಿಡಿದುಕೊಂಡ. ಜವರ ಅವನನ್ನೂ ಎಳೆದುಕೊಂಡು ನುಗ್ಗೆ ಮರದ ತನಕ ಹೋದ. ಅಲ್ಲಿ ಮಚ್ಚಿನ ಹಿಡಿ ಮುರಿಯಿತು. ಮರ ಬದುಕಿತು.

ಚೆನ್ನಾಜಮ್ಮ ಕೂಲಿಯಿಂದ ಬರುವಾಗ ಅಣ್ಣ ದಾರಿಯಲ್ಲೇ ಕಾಯುತ್ತಿದ್ದ.

"ತಂಗೀ, ನನ್ನ ಮಗಳನ್ನ ನಿನ್ನ ಮಗನಿಗೇ ಕೊಡಾದು ಅಂತಿದ್ದೆ. ಈಗ ಅಂತಾ ಇಲ್ಲ."

"ಏನಾಯ್ತಣ್ಣ?"

"ನೋಡೋಗು. ಇಲ್ಲಿಂದ್ಲೇ ಕಾಣ್ತದೆ. ಮೊದ್ಲು ಕಾಣ್ತಿರ್ಲಿಲ್ಲ, ಬೇಲಿ ಅಡ್ಡ ಇತ್ತು."

ಚೆನ್ನಾಜಮ್ಮ ಮನೆಗೆ ಬಂದು ಮಗನ ಕಿವಿ ಹಿಡಿದಳು.

"ಅಯ್ಯೋ ಮುಠ್ಠಾಳ! ಇನ್ನು ನೀನು ಕಡಿಯಾದೂ ಬ್ಯಾಡ, ಕೀಳಾದೂ ಬ್ಯಾಡ! ಸುಮ್ನೆ ನೀರು ಚಿಮುಕಿಸು, ಸಾಕು. ಒಣಗಿರಾದ್ರ ಮ್ಯಾಲೆ ನೀರು ಬಿದ್ರೆ ಬೆಂಕಿ ಹತ್ತಾಕಿಲ್ಲ!"

"ಇದನ್ನ ಮೊದ್ಲೇ ಹೇಳ್ಬಾರ್ದಾ ಅವ್ವ. ಕಿವಿ ಬುಡು."

ಮಾರನೆಯ ದಿನ ಅವಳು ಕೂಲಿಗೆ ಹೋದಳು. ಜವರ ಬಾವಿಯಿಂದ ನೀರು ಸೇದಿದ. ಏಣಿ ಹಾಕಿ ಚಾವಣಿಗೆ ಚಿಮುಕಿಸಿದ. ಒಳ್ಳೆಯದೇ ಮಾಡಿದ. ಹುಲ್ಲಿನ ಮೆದೆಗೆ ಚಿಮುಕಿಸಿದ. ಅದೂ ಒಳ್ಳೆಯದೇ. ಕೊಡದಲ್ಲಿ ನೀರು ಉಳಿಯಿತು. ಒಳಗೆ ಹೋದ.

ಸೌದೆ ಒಣಗಿತ್ತು. ಚಿಮುಕಿಸಿದ. ಕಂಬಳಿ ಒಣಗಿತ್ತು. ಚಿಮುಕಿಸಿದ. ಮಡಕೆಯಲ್ಲಿ ರಾಗಿ ಹಿಟ್ಟು. ಬೆರಳಿಟ್ಟು ನೋಡಿದ. ಬಹಳ ಒಣಗಿತ್ತು. ಸುರಿದ. ಉಪ್ಪಿಗೆ ಸುರಿದ. ಅವ್ವನ ನಸ್ಯದ ಡಬ್ಬಿ ತೆಗೆದು ಅದಕ್ಕೂ ಒಂದು ತೊಟ್ಟು ಬಿಟ್ಟ. ಕೊನೆಗೆ ಬೆಂಕಿಪೊಟ್ಟಣ ಸಿಕ್ಕಿತು. ಎಲ್ಲಕ್ಕಿಂತ ಮೊದಲು ಹತ್ತುವುದು ಇದೇ ಅಂತ ಅದನ್ನು ಕೊಡದೊಳಕ್ಕೇ ಮುಳುಗಿಸಿ ತೆಗೆದು ಒಲೆಯ ಪಕ್ಕ ಇಟ್ಟ.

ಚೆನ್ನಾಜಮ್ಮ ಹಸಿದು ಬಂದಳು. ಒಲೆ ಮುಂದೆ ಕೂತಳು. ಕಡ್ಡಿ ಗೀರಿದಳು. ಹತ್ತಲಿಲ್ಲ. ಇನ್ನೊಂದು ಗೀರಿದಳು. ಹತ್ತಲಿಲ್ಲ. ಜವರ ಹಿಂದೆ ನಿಂತು ನಗುತ್ತಿದ್ದ.

"ಹತ್ತಾಕಿಲ್ಲ ಕಣವ್ವ! ಏನು ಮಾಡಿದ್ರೂ ಹತ್ತಾಕಿಲ್ಲ!"

ಸೌದೆ ಮುಟ್ಟಿ ನೋಡಿದಳು. ಹಿಟ್ಟಿನ ಮಡಕೆ ನೋಡಿದಳು. ನಸ್ಯವಾದರೂ ಏರಿಸೋಣ ಅಂತ ಡಬ್ಬಿ ತೆಗೆದಳು. ಅದೂ ನೆಂದಿತ್ತು. ತೆಂಗಿನ ಚಿಪ್ಪು ಹಿಡಿದು ಕೆಂಡ ತರಲು ಅಣ್ಣನ ಮನೆಗೆ ನಡೆದಳು.

"ಬಾ ತಂಗಿ, ನೆಟ್ಟಗೇ ಬಾ" ಅಂದ ರಾಚಪ್ಪ. "ಈಗ ಸುತ್ತಾಕ್ಕಂಡು ಬರಾ ತಾಪತ್ರಯ ಇಲ್ಲ."

ಚೆನ್ನಾಜಮ್ಮ ಅಲ್ಲೇ ಕೂತು ಅತ್ತಳು. "ಬೇಸಿಗೆ ಬಂದುಬುಡ್ತು ಅಣ್ಣ. ಈ ಸಲವೂ ಚಾವಣಿ ಹೋದ್ರೆ ನಾನು ಮತ್ತೆ ನಿನ್ನ ಜಗಲಿಗೇ."

ರಾಚಪ್ಪನ ಹೆಂಡತಿ ಒಳಗಿನಿಂದ ಕೆಮ್ಮಿದಳು. ರಾಚಪ್ಪ ಚಿಪ್ಪಿಗೆ ಕೆಂಡ ಹಾಕಿಕೊಟ್ಟ.

"ಅಳಬ್ಯಾಡ. ನಾಳೆ ನಾನೇ ಬತ್ತೀನಿ. ನಿಂಗೆ ಹೇಳಾಕೆ ಬರಾಕಿಲ್ಲ. ಸರ್‍ಯಾಗಿ ಹೇಳಿದ್ರೆ ಎಂಥವ್ನಿಗೂ ತಿಳೀತದೆ."

ಬಂದ. ಗುದ್ದಲಿ ತಂದ. ಮನೆಯ ಸುತ್ತ, ಗುಡ್ಡದ ಕಡೆ ಅಗಲವಾಗಿ, ಹುಲ್ಲು ಹೆರೆದು ಕೆಂಪು ಮಣ್ಣು ಕಾಣುವ ಹಾಗೆ ಬೆಂಕಿಗೆರೆ ಹಾಕಬೇಕು. ಮಾವ ಅಳಿಯ ಸೇರಿ ಹೆರೆದರು. ಜವರನಿಗೆ ತೋಳಿನಲ್ಲಿ ಬಲವಿತ್ತು. ಸಂಜೆಯೊಳಗೆ ಗೆರೆ ಮುಗಿಯಿತು. ಎತ್ತಿನಗಾಡಿ ಓಡಿಸಬಹುದಾದಷ್ಟು ಅಗಲ. ಊರಲ್ಲಿ ಅಂಥ ಗೆರೆ ಇನ್ನೊಂದಿರಲಿಲ್ಲ.

"ನೋಡ್ಲಾ ಜವರ" ಅಂದ ರಾಚಪ್ಪ. "ಬೆಂಕಿ ಇಲ್ಲೀ ತನಕ ಬತ್ತದೆ. ಮಣ್ಣು ಕಂಡು ನಿಲ್ತದೆ. ಆದ್ರೆ ಕಿಡಿ ಹಾರ್ತದೆ. ಕಿಡಿ ಬಿದ್ರೆ ಹಿಡ್ಕಳಾಕೆ ಏನೂ ಸಿಗಬಾರ್ದು. ಉರಿಯಾದು ಯಾವುದೇ ಇರ್ಲಿ, ಗೆರೆ ಆಚೆ. ಉರಿಯದೆ ಇರಾದು ಗೆರೆ ಒಳಗೆ. ಎಲ್ಲಿ, ಹೇಳು."

"ಉರಿಯಾದು ಗೆರೆ ಆಚೆ. ಉರಿಯದೆ ಇರಾದು ಗೆರೆ ಒಳಗೆ."

"ಇನ್ನೊಂದ್ಸಲ."

"ಉರಿಯಾದು ಗೆರೆ ಆಚೆ. ಉರಿಯದೆ ಇರಾದು ಗೆರೆ ಒಳಗೆ."

"ನೋಡಿದ್ಯಾ ತಂಗಿ? ಇದೇ, ಹೇಳೋ ರೀತಿ ಅಂದ್ರೆ" ಎಂದು ರಾಚಪ್ಪ ಮೀಸೆ ತಿರುವಿದ. ಮಗಳ ವಿಚಾರ ಇನ್ನೊಂದು ಸಲ ಯೋಚನೆ ಮಾಡೋಣ ಅಂತಲೂ ಅಂದ.

ಬೇಸಿಗೆ ಬಲಿಯಿತು. ಒಂದು ಬೆಳಗ್ಗೆ ಗುಡ್ಡದ ತಲೆಯ ಮೇಲೆ ಹೊಗೆ ಕಂಡಿತು. ಊರಿನಲ್ಲಿ ತಮಟೆ ಹೊಡೆದರು. ಗಂಡಸರು ಹೆಂಗಸರು ಹಸಿ ಸೊಪ್ಪಿನ ಕೊಂಬೆ ಮುರಿದುಕೊಂಡು ಬೆಂಕಿ ಬಡಿಯಲು ಗುಡ್ಡ ಹತ್ತಿದರು. ಚೆನ್ನಾಜಮ್ಮನೂ ಹೊರಟಳು. ಜವರನೂ ಒಂದು ಕೊಂಬೆ ಮುರಿದ.

"ನೀನು ಬರಬ್ಯಾಡ" ಅಂದಳು. "ಮನೆ ಕಾಯಿ. ಮಾವ ಹೇಳಿದ್ದು ಗ್ಯಾಪಕ ಅದಾ?"

"ಅದೆ ಅವ್ವ."

"ಅಷ್ಟು ಮಾಡು. ಅದು ಬುಟ್ಟು ಇನ್ನೇನೂ ಮಾಡಬ್ಯಾಡ, ನಿನ್ನ ದಮ್ಮಯ್ಯ!"

ಜವರ ಹೇಳಿದ್ದನ್ನು ಮಾಡುವವನು. ಮಾಡಿದ.

ಸೌದೆ ಉರಿಯುತ್ತದೆ. ಹೊತ್ತು ಗೆರೆಯ ಆಚೆ ಹಾಕಿದ. ಹುಲ್ಲಿನ ಮೆದೆ ಉರಿಯುತ್ತದೆ. ಹೊರೆ ಹೊರೆಯಾಗಿ ಆಚೆ ಹಾಕಿದ. ಮೂಲೆಯಲ್ಲಿದ್ದ ಪೊರಕೆ, ತೊಟ್ಟಿಲು, ಮೊರ, ಎಲ್ಲ ಆಚೆ. ಮಂಚ ಆಚೆ. ಅವ್ವನ ಸೀರೆಗಂಟು ಆಚೆ. ಬಾಗಿಲನ್ನು ಬಡಿದು ನೋಡಿದ. ಮರ. ಚೌಕಟ್ಟು ಸಮೇತ ಕಿತ್ತು ಆಚೆ ಇಟ್ಟ.

ಮಡಕೆ ಉರಿಯುವುದಿಲ್ಲ. ಬಿಟ್ಟ. ತಾಮ್ರದ ಚೊಂಬು ಉರಿಯುವುದಿಲ್ಲ. ಬಿಟ್ಟ. ಬೀಸುವ ಕಲ್ಲು ಬಿಟ್ಟ. ಮಣ್ಣಿನ ಗೋಡೆಯನ್ನು ತಟ್ಟಿ ನೋಡಿ ಅದನ್ನೂ ಬಿಟ್ಟ.

ಕೆಲಸ ಮುಗಿಯಿತು ಅಂತ ಅಂಗಾತ ಮಲಗಿದ. ಮೇಲೆ ನೋಡಿದ.

ಹುಲ್ಲು!

ಎದ್ದು ಕೂತ. ಅಬ್ಬಾ, ಎಷ್ಟು ಹುಲ್ಲು! ಇಷ್ಟು ದಿನ ಯಾರ ಕಣ್ಣಿಗೂ ಬಿದ್ದಿಲ್ಲವಲ್ಲ ಅಂದುಕೊಂಡ. ಏಣಿ ಹತ್ತಿದ. ಕಟ್ಟು ಬಿಚ್ಚಿದ. ಒಂದೊಂದೇ ಕಟ್ಟನ್ನು ಜೋಪಾನವಾಗಿ ಇಳಿಸಿ, ತಲೆಯ ಮೇಲೆ ಹೊತ್ತು, ಗೆರೆಯ ಆಚೆ ನೀಟಾಗಿ ಒಟ್ಟಿದ. ಹುಲ್ಲು ಆದ ಮೇಲೆ ಬಿದಿರು. ಬಿದಿರು ಆದ ಮೇಲೆ ತೊಲೆ. ಕೊನೆಗೆ ಏಣಿ. ಗುಡ್ಡದ ಕಡೆ ಜಾಗ ಜಾಸ್ತಿ ಇತ್ತು. ಎಲ್ಲವನ್ನೂ ಆ ಕಡೆಗೇ ಒಟ್ಟಿದ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಗೆರೆಯ ಒಳಗೆ ಗೋಡೆ, ಮಡಕೆ, ಕಲ್ಲು, ಜವರ.

ಜವರ ತನ್ನನ್ನು ನೋಡಿಕೊಂಡ.

ಗುಡ್ಡದಲ್ಲಿ ಜನ ಬಡಿದರು. ಬೆಂಕಿ ಒಂದು ಕಡೆ ಆರಿತು, ಇನ್ನೊಂದು ಕಡೆ ನುಸುಳಿ ಇಳಿಯಿತು. ಇಳಿದದ್ದು ಚೆನ್ನಾಜಮ್ಮನ ಹಿತ್ತಲಿನ ಕಡೆಗೆ. ಮೇಲಿನಿಂದ ನೋಡಿದಳು. ಮನೆ ಹತ್ತಿರ ಉರಿ ತೆಂಗಿನ ಮರದೆತ್ತರ ಎದ್ದಿತು. "ನನ್ನ ಚಾವಣಿ!" ಎಂದು ಕೂಗಿ ಕೊಂಬೆ ಬಿಸಾಕಿ ಓಡಿದಳು. ಹಿಂದೆ ರಾಚಪ್ಪ ಓಡಿದ. ಅವನ ಹಿಂದೆ ಊರೇ ಓಡಿತು.

ಬರುವಷ್ಟರಲ್ಲಿ ಬೆಂಕಿ ಗೆರೆಯ ತನಕ ಬಂದು ಆರಿತ್ತು. ನಾಲ್ಕು ಗೋಡೆ ನಿಂತಿದ್ದವು. ಅವುಗಳ ಮೇಲೆ ಆಕಾಶ.

"ಜವರಾ! ಜವರಾ! ಇದ್ದೀಯೇನ್ಲಾ?"

"ಇದ್ದೀನಿ ಕಣವ್ವ" ಎಂದಿತು ಗೋಡೆಯೊಳಗಿನ ದನಿ.

"ಚಾವಣಿ ಎಲ್ಲಿ?"

"ಗೆರೆ ಆಚೆ."

"ಬಾಗ್ಲು?"

"ಗೆರೆ ಆಚೆ."

"ಮಂಚ? ನನ್ನ ಸೀರೆಗಂಟು?"

"ಎಲ್ಲ ಆಚೆ ಅದೆ ಅವ್ವ. ಒಂದೂ ಬುಟ್ಟಿಲ್ಲ."

ಗೆರೆಯ ಆಚೆ ಮೊಣಕಾಲುದ್ದ ಬೂದಿ ಹೊಗೆಯಾಡುತ್ತಿತ್ತು.

"ಲೋ, ಮನೇನೇ ಸುಟ್ಟಾಕಿದ್ಯಲ್ಲೋ!" ಎಂದು ರಾಚಪ್ಪ ಅರಚಿದ.

"ಎಲ್ಲಿ ಸುಟ್ಟದೆ ಮಾವ? ಗೋಡೆ ಮುಟ್ಟಿ ನೋಡು. ತಣ್ಣಗದೆ."

ರಾಚಪ್ಪ ಮುಟ್ಟಿ ನೋಡಿದ. ತಣ್ಣಗಿತ್ತು.

"ಈಚೆ ಬಾರ್ಲಾ!" ಅಂದಳು ಚೆನ್ನಾಜಮ್ಮ.

"ಬರಾಕಾಗಾಕಿಲ್ಲ ಅವ್ವ. ಹೆಂಗಸ್ರವ್ರೆ."

"ಇದ್ರೇನ್ಲಾ?"

"ಪಂಚೆ ಉರೀತದಲ್ಲ. ಅದೂ ಆಚೆ ಅದೆ."

ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ತಿರುಗಿ ನಿಂತರು. ರಾಚಪ್ಪನ ಮಗಳು ಎಲ್ಲರಿಗಿಂತ ತಡವಾಗಿ ತಿರುಗಿದಳು. ಚೆನ್ನಾಜಮ್ಮ ಬಾಗಿಲಿದ್ದ ಜಾಗದಿಂದ ಇಣುಕಿದಳು. ಜವರ ಒಲೆಯ ಕಲ್ಲಿನ ಮೇಲೆ ಕೂತಿದ್ದ. ಕೈಯಲ್ಲಿ ಕುಡುಗೋಲು. ತಲೆ ಒಂದು ಕಡೆ ಬೋಳು.

"ತಲೆಗೇನಾಯ್ತ್ಲಾ?"

"ಕೂದ್ಲು ಉರೀತದೆ ಕಣವ್ವ. ಅರ್ಧ ಆಗದೆ, ಇನ್ನರ್ಧ ಅದೆ."

ಚೆನ್ನಾಜಮ್ಮ ಕೈ ಎತ್ತಿಕೊಂಡು ಒಳಗೆ ಕಾಲಿಡಲು ಹೋದಳು. ಜವರ ಎರಡೂ ಕೈ ಅಡ್ಡ ಹಿಡಿದ.

"ಅಲ್ಲೇ ನಿಂತ್ಕೊ ಅವ್ವ! ಸೀರೆ ಉಟ್ಟಿದ್ದೀಯ! ಗೆರೆ ಆಚೆ, ಗೆರೆ ಆಚೆ!"

ಆ ಮಳೆಗಾಲವನ್ನೂ ಚೆನ್ನಾಜಮ್ಮ ಅಣ್ಣನ ಜಗಲಿಯಲ್ಲೇ ಕಳೆದಳು. ಗೆರೆಯ ಒಳಗೆ ಒಂದು ಹುಲ್ಲುಕಡ್ಡಿಯೂ ಸುಟ್ಟಿರಲಿಲ್ಲ.