ಹಗ್ಗ ಹಿಡಿಯದವನ ಪಾಲು

"ಗುರುಗಳೇ, ಹುಚ್ಚ ಎಂದು ಯಾರೂ ಕೂಗದ ಊರಿನಲ್ಲಿ, ಯಾರೂ ಕಲ್ಲು ಹೊಡೆಯದ ಊರಿನಲ್ಲಿ, ನನಗೇನು ಕೆಲಸ?" ಎಂದು ಶಿಷ್ಯೆ ಕೇಳಿದಳು.

ಅವಳು ಆಸ್ಪತ್ರೆಯ ಪರವಾಗಿ ಮನೆಮನೆಗೆ ಹೋಗುವ ಸಮಾಜ ಕಾರ್ಯಕರ್ತೆ. ಮನಸ್ಸಿನ ಕಾಯಿಲೆ ಬಂದವರನ್ನು ಕಂಡು ಮಾತಾಡಿಸುವುದು, ಅವರ ಮನೆಯವರಿಗೆ ಧೈರ್ಯ ಹೇಳುವುದು ಅವಳ ಕೆಲಸ. ಅವಳಿಗೆ ಕೊಟ್ಟ ಊರಿನ ಜನ ಒಳ್ಳೆಯವರು. ಕಾಯಿಲೆಯವರಿಗೆ ಅನ್ನ ಕೊಡುತ್ತಾರೆ, ಬಟ್ಟೆ ಕೊಡುತ್ತಾರೆ. ಆದರೂ ಅಲ್ಲಿ ಯಾರೂ ಚೇತರಿಸಿಕೊಳ್ಳುತ್ತಿರಲಿಲ್ಲ. ಅದಕ್ಕೇ ಅವಳು ಹಾಗೆ ಕೇಳಿದ್ದು.

ಗುರುಗಳು ಒಂದು ಕತೆ ಹೇಳಿದರು.

ಕಡಲ ತೀರದ ಒಂದು ಊರಿನಲ್ಲಿ ಒಬ್ಬ ಮೀನುಗಾರನಿದ್ದ. ಗೋಯ್ದ ಎಂದು ಅವನ ಹೆಸರು. ಆ ಊರಿನವರದು ರಂಪಣಿ ಬಲೆ. ರಂಪಣಿ ಎಂದರೆ ಒಬ್ಬರು ಬೀಸುವ ಬಲೆಯಲ್ಲ, ಇಡೀ ಊರು ಎಳೆಯುವ ಬಲೆ. ದೋಣಿಯಲ್ಲಿ ಅದನ್ನು ಒಯ್ದು ಕಡಲಿನಲ್ಲಿ ಅರ್ಧ ಸುತ್ತು ಹಾಕಿ, ಎರಡು ತುದಿಯ ಹಗ್ಗಗಳನ್ನು ದಡಕ್ಕೆ ತರುತ್ತಾರೆ. ಒಂದೊಂದು ಹಗ್ಗಕ್ಕೆ ಅರವತ್ತು ಜನ ನಿಂತು ಎಳೆಯುತ್ತಾರೆ. ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಮೀನಿನಲ್ಲಿ ಪಾಲು ಉಂಟು. ಮುದುಕನಿಗೂ ಉಂಟು, ದಾರಿಯಲ್ಲಿ ಹೋಗುತ್ತಿದ್ದವನು ಬಂದು ಎಳೆದರೆ ಅವನಿಗೂ ಉಂಟು. ಯಾರಿಗೆ ಎಷ್ಟು ಎಂದು ಹಂಚುವವನು ತಂಡೇಲ, ಅಂದರೆ ಬಲೆಯ ಯಜಮಾನ. ಹಂಚುವಾಗ ಜಗಳವಾಗದ ದಿನವಿಲ್ಲ. ಜಗಳವಾಡಿದವರೇ ಮರುದಿನ ಒಟ್ಟಿಗೆ ಹಗ್ಗ ಹಿಡಿಯುತ್ತಾರೆ.

ಒಂದು ವರ್ಷ ಗೋಯ್ದನಿಗೆ ಮನಸ್ಸಿನ ಕಾಯಿಲೆ ಬಂತು. ಯಾರೋ ಕಡಲಿನ ಒಳಗಿಂದ ಕರೆಯುತ್ತಿದ್ದಾರೆ ಎನ್ನುತ್ತಿದ್ದ. ಬೇರೆ ಯಾರಿಗೂ ಆ ಕರೆ ಕೇಳಿಸುತ್ತಿರಲಿಲ್ಲ. ಒಂದು ಬೆಳಿಗ್ಗೆ ಎಳೆಯುತ್ತಿದ್ದ ಹಗ್ಗವನ್ನು ನಡುವೆಯೇ ಬಿಟ್ಟು ಎದೆಮಟ್ಟದ ನೀರಿಗೆ ನಡೆದುಹೋದ. ಜನ ಹಿಡಿದು ತಂದರು. ಹೆಂಡತಿ ಆಸ್ಪತ್ರೆಗೆ ಸೇರಿಸಿದಳು. ಔಷಧ ನಾಟಿತು. ನಾಲ್ಕು ತಿಂಗಳಾದ ಮೇಲೆ ಕರೆ ನಿಂತಿತು, ನಿದ್ದೆ ಬಂತು. ಗುಳಿಗೆ ಮಾತ್ರ ತಪ್ಪಿಸಬೇಡ, ಕೆಲಸಕ್ಕೆ ಹೋಗು ಎಂದು ವೈದ್ಯರು ಹೇಳಿ ಕಳಿಸಿದರು.

ಊರಿಗೆ ಬಂದ ಮರುದಿನವೇ ಅವನು ದಡಕ್ಕೆ ಹೋದ. ಹಗ್ಗದ ಬಳಿ ನಿಂತ. ತಂಡೇಲ ಅವನ ಹೆಗಲ ಮೇಲೆ ಕೈ ಇಟ್ಟು ಮೆಲ್ಲಗೆ ಹೇಳಿದ.

"ನೀ ಯಾಕೆ ಬಂದೆ ಮಾರಾಯ? ಮನೆಯಲ್ಲಿ ಆರಾಮ ಇರು. ನಿನ್ನ ಪಾಲು ಮನೆಗೇ ಬರುತ್ತದೆ."

ಆ ಮಾತಿನಲ್ಲಿ ಕೆಟ್ಟತನವಿರಲಿಲ್ಲ. ಅದಕ್ಕೇ ಗೋಯ್ದ ಹಗ್ಗದ ಬಳಿಯಿಂದ ತಿರುಗಿದ. ಮನೆಗೆ ಹೋಗಿ ಕೂತ.

ಪಾಲು ಬಂತು. ದಿನವೂ ಬಂತು. ಎಲ್ಲರ ಪಾಲಿಗಿಂತ ದೊಡ್ಡ ಪಾಲು. ಹೆಂಡತಿಗೆ ಮೊದಮೊದಲು ಸಂತೋಷವಾಯಿತು. ಊರೆಂದರೆ ಹೀಗಿರಬೇಕು ಎಂದು ತವರಿನವರ ಮುಂದೆ ಹೇಳಿಕೊಂಡಳು. ಗೋಯ್ದ ಮಾತ್ರ ಮೀನು ತಿನ್ನುವುದನ್ನು ಬಿಟ್ಟ. ಎದುರು ಸಿಕ್ಕವರು "ಊಟ ಆಯಿತಾ?" ಎಂದು ಕೇಳಿ, ಅವನ ಉತ್ತರಕ್ಕೆ ಕಾಯದೆ ಹೋಗುತ್ತಿದ್ದರು. ಹಿಂದೆ ಅವನನ್ನು ಬೈಯುತ್ತಿದ್ದವರೂ ಈಗ ಬೈಯಲಿಲ್ಲ. ಕೊನೆಗೆ ಅವನು ಗುಳಿಗೆಯನ್ನೂ ಬಿಟ್ಟ.

ಗುಳಿಗೆ ಬಿಟ್ಟರೆ ಆ ಕರೆ ಮತ್ತೆ ಬರುತ್ತದೆ, ಕರೆ ಬಂದರೆ ಅವನು ಮತ್ತೆ ನೀರಿಗೆ ಇಳಿಯುತ್ತಾನೆ. ಇದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟ.

ಆ ಊರಿಗೂ ನಿನ್ನಂಥ ಒಬ್ಬ ಕಾರ್ಯಕರ್ತೆ ಬರುತ್ತಿದ್ದಳು. ಜನ ಅವಳನ್ನು ಅಕ್ಕೋರು ಎನ್ನುತ್ತಿದ್ದರು. ಒಂದು ಬುಧವಾರ ಅವಳು ಬಂದಾಗ ಗುಳಿಗೆಯ ಪೊಟ್ಟಣ ಒಡೆಯದೆ ಹಾಗೇ ಇತ್ತು. ಅವಳು ಗದರಿಸಲಿಲ್ಲ. ಯಾಕೆ ಎಂದಷ್ಟೇ ಕೇಳಿದಳು.

"ನುಂಗಿದರೆ ಗುಣವಾಗುತ್ತದೆ ಅಂದಿರಿ, ನುಂಗಿದೆ," ಎಂದ ಗೋಯ್ದ. "ಗುಣವಾದೆ ಅಂತ ನನಗೊಬ್ಬನಿಗೆ ಗೊತ್ತಾದರೆ ಸಾಕೇ ಅಕ್ಕೋರೇ?"

"ಊರಿನವರು ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಾರಲ್ಲ?"

"ಹಗ್ಗ ಹಿಡಿಯದೆ ಪಾಲು ಹೋಗುವ ಮನೆ ಯಾವುದು ಅಂತ ತಂಡೇಲರನ್ನೇ ಕೇಳಿ."

ಅವಳು ಆ ಊರಿನವಳಲ್ಲ. ಮಾತಿನ ಅರ್ಥ ಅವಳಿಗೆ ಆಗಲಿಲ್ಲ. ಆಗಲಿಲ್ಲ ಎಂದು ಒಪ್ಪಿಕೊಂಡಳು. ಕೇಳಿಕೊಂಡು ಬರುತ್ತೇನೆ ಎಂದು ಎದ್ದವಳು ಬಾಗಿಲಲ್ಲಿ ನಿಂತಳು.

"ನಿಮ್ಮ ಮಾತನ್ನು ನಿಮ್ಮ ಬೆನ್ನ ಹಿಂದೆ ಆಡುವುದು ಸರಿಯಲ್ಲ. ನೀವೂ ಬನ್ನಿ."

ತಂಡೇಲ ದೋಣಿಯ ನೆರಳಿನಲ್ಲಿ ಕೂತು ಹರಿದ ಬಲೆ ಹೆಣೆಯುತ್ತಿದ್ದ. ಗೋಯ್ದ ಎರಡು ಹೆಜ್ಜೆ ಹಿಂದೆ ನಿಂತ. ಅಕ್ಕೋರು ಅದನ್ನೇ ಕೇಳಿದಳು. ತಂಡೇಲ ಕೈಕೆಲಸ ಬಿಡದೆ ಉತ್ತರಿಸಿದ. ಅದು ಊರಿಗೆಲ್ಲ ಗೊತ್ತಿದ್ದ ನಿಯಮ, ಯೋಚಿಸಬೇಕಾದದ್ದೇನೂ ಇರಲಿಲ್ಲ.

"ಕಡಲಿನಲ್ಲಿ ಸತ್ತವನ ಮನೆಗೆ. ಆ ವರ್ಷವೆಲ್ಲ ಅವನ ಪಾಲು ತಪ್ಪಿಸುವುದಿಲ್ಲ. ಇದು ಹಿರಿಯರ ಕಾಲದಿಂದ..."

ಅಲ್ಲಿಗೆ ಅವನ ಮಾತು ನಿಂತಿತು. ಕೈಯೂ ನಿಂತಿತು. ಅವನು ತಲೆ ಎತ್ತಿ ಗೋಯ್ದನನ್ನು ನೋಡಿದ. ಬದುಕಿರುವವನ ಮನೆಗೆ ತಾನು ಸತ್ತವನ ಪಾಲು ಕಳಿಸುತ್ತಿದ್ದೇನೆ ಎಂಬುದು ಅಷ್ಟು ದಿನ ಅವನಿಗೆ ಹೊಳೆದಿರಲಿಲ್ಲ. ಯಾರಿಗೂ ಹೊಳೆದಿರಲಿಲ್ಲ. ಗೋಯ್ದನಿಗೆ ಮಾತ್ರ ಮೊದಲ ದಿನದ ಬುಟ್ಟಿ ನೋಡಿದಾಗಲೇ ಹೊಳೆದಿತ್ತು.

"ನಾಳೆಯಿಂದ ಇವರ ಮನೆಗೆ ಮೀನು ಕಳಿಸಬೇಡಿ," ಎಂದಳು ಅಕ್ಕೋರು. "ಹಗ್ಗದಲ್ಲಿ ಜಾಗ ಕೊಡಿ."

ತಂಡೇಲನಿಗೆ ನಾಚಿಕೆಯಾಗಿತ್ತು. ನಾಚಿಕೆಯಾದವರಿಗೆ ಸಿಟ್ಟು ಬೇಗ ಬರುತ್ತದೆ.

"ನಡುವೆ ಬಿಟ್ಟು ಹೋದರೆ? ಮತ್ತೆ ನೀರಿಗಿಳಿದರೆ? ಜವಾಬ್ದಾರಿ ಯಾರದು, ನಿಮ್ಮದಾ?"

"ನಾನೂ ಬಂದು ದಡದಲ್ಲಿ ನಿಲ್ಲುತ್ತೇನೆ. ಏನಾದರೂ ಆದರೆ ನನ್ನನ್ನು ಬೈಯಿರಿ, ಅವರನ್ನಲ್ಲ." ಆಮೇಲೆ ಅವಳು ಗೋಯ್ದನ ಕಡೆ ತಿರುಗಿದಳು. "ಇವರಿಗೆ ಹೇಳುವುದನ್ನು ಹೇಳಿದೆ. ಇನ್ನು ನಿಮ್ಮ ಕೆಲಸ. ಗುಳಿಗೆ ಇವತ್ತಿನಿಂದಲೇ ಶುರುವಾಗಬೇಕು. ವೈದ್ಯರು ನೋಡಿ ಸರಿ ಅಂದ ಮೇಲೆ ಹಗ್ಗ. ಆಗುತ್ತದಾ?"

ಗೋಯ್ದ ಆಗುತ್ತದೆ ಎಂದ.

ಊರಿನಲ್ಲಿ ಅವಳಿಗೆ ಒಳ್ಳೆಯ ಹೆಸರು ಬರಲಿಲ್ಲ. ಕಾಯಿಲೆಯವನ ತಟ್ಟೆಯಿಂದ ಮೀನು ಕಿತ್ತುಕೊಂಡ ಹೆಂಗಸು ಎಂದು ಜನ ಆಡಿಕೊಂಡರು. ಗೋಯ್ದನ ಹೆಂಡತಿಯಂತೂ ಮುಖಕ್ಕೇ ಕೇಳಿದಳು: "ನಿಮ್ಮ ಮನೆಯಲ್ಲಿ ಗಂಜಿಗೆ ನೆಂಚಿಕೊಳ್ಳಲು ಉಂಟಲ್ಲ, ಅದಕ್ಕೇ ಹೀಗೆ ಹೇಳುತ್ತೀರಿ!" ಅಕ್ಕೋರು ಅವಳ ಜೊತೆ ಒಂದು ಮಧ್ಯಾಹ್ನವೆಲ್ಲ ಕೂತಳು. ಬರೀ ಗಂಜಿಯನ್ನೇ ಉಂಡಳು. ಗಂಡ ಹಗ್ಗ ಹಿಡಿದಾಗ ಹೇಗಿರುತ್ತಿದ್ದ ಎಂದು ಕೇಳಿದಳು. ಹೇಳುತ್ತಾ ಹೇಳುತ್ತಾ ಹೆಂಡತಿಯ ದನಿ ಇಳಿಯಿತು.

ಎರಡು ವಾರದ ಮೇಲೆ ವೈದ್ಯರು ಒಪ್ಪಿದರು. ಗೋಯ್ದ ದಡಕ್ಕೆ ಬಂದ. ಅಕ್ಕೋರು ಚಪ್ಪಲಿ ಕೈಯಲ್ಲಿ ಹಿಡಿದು ಒದ್ದೆ ಮರಳಿನಲ್ಲಿ ನಿಂತಿದ್ದಳು. ಹಗ್ಗದಲ್ಲಿ ಅವನಿಗೆ ಜಾಗವೇನೋ ಇತ್ತು, ಆದರೆ ಅವನ ಹಿಂದಿನವನೂ ಮುಂದಿನವನೂ ಒಂದೊಂದು ಮಾರು ದೂರ ಸರಿದು ನಿಂತಿದ್ದರು. ಗೋಯ್ದ ಅದನ್ನು ನೋಡಿದ. ಮನೆಗೆ ಹೋಗಿಬಿಡೋಣ ಎನಿಸಿತು. ಹೋದರೆ ನಾಳೆ ಬರಲಾರೆ ಎಂದೂ ತಿಳಿದಿತ್ತು. ಹಗ್ಗ ಹಿಡಿದ.

ಆ ದಿನ ಬಲೆ ಭಾರವಾಗಿತ್ತು. ನಡುದಾರಿಯಲ್ಲಿ ಹಿಂದಕ್ಕೆ ಜಾರತೊಡಗಿತು. "ಎಳೀರೋ! ನಿಂತು ಏನು ನೋಡ್ತೀರಿ?" ಎಂದು ತಂಡೇಲ ಕೂಗಿದ. ಜಾರುವ ಹಗ್ಗ ಯಾರ ಹೆದರಿಕೆಗೂ ಕಾಯುವುದಿಲ್ಲ. ದೂರ ನಿಂತವರು ಒತ್ತಿ ಬಂದರು. ಒಬ್ಬನ ಮೊಣಕೈ ಗೋಯ್ದನ ಪಕ್ಕೆಗೆ ಬಡಿಯಿತು. ಬಲೆ ದಡಕ್ಕೆ ಬಂತು.

ಹಂಚುವಾಗ ಗೋಯ್ದನ ಮುಂದೆ ಒಂದಿಷ್ಟು ಬಂಗಡೆ ಮೀನು ಬಿತ್ತು. ಅವನು ನೋಡಿದ. ಪಕ್ಕದವನ ಪಾಲನ್ನೂ ನೋಡಿದ.

"ಇದೆಂಥ ಪಾಲು ತಂಡೇಲರೇ? ಬೆಕ್ಕಿಗೆ ಹಾಕಿದ ಹಾಗಿದೆ!"

ಎಲ್ಲರೂ ತಂಡೇಲನ ಮುಖ ನೋಡಿದರು. ಪಕ್ಕದವನು ಮಾತ್ರ ಗೋಯ್ದನ ಕಡೆ ತಿರುಗಿದ.

"ನೀ ಎಳೆದದ್ದೂ ಬೆಕ್ಕಿನಷ್ಟೇ ಅಲ್ಲವೇನೋ ಗೋಯ್ದ? ನನ್ನ ಕಾಲು ಮೂರು ಸಲ ತುಳಿದೆಯಲ್ಲ, ಅದಕ್ಕೆ ಯಾರ ಪಾಲಿನಲ್ಲಿ ಮುರಿದುಕೊಳ್ಳಲಿ?"

"ನಿನ್ನ ಪಾದ ದೋಣಿಯಷ್ಟು ಉದ್ದ ಇದ್ದರೆ ನಾ ಎಲ್ಲಿ ಕಾಲಿಡಲಿ?"

ಯಾರೋ ನಕ್ಕರು. ಆಮೇಲೆ ಹಲವರು ನಕ್ಕರು. ತಂಡೇಲ ಗೊಣಗುತ್ತಾ ಇನ್ನೊಂದು ಬಂಗಡೆ ಎಸೆದ. ಎರಡು ಎಸೆಯಲಿಲ್ಲ. ಬುಟ್ಟಿ ಹಿಡಿದು ದೂರ ನಿಂತಿದ್ದ ಹೆಂಡತಿಗೆ ಗಂಡನ ಏರಿದ ದನಿ ಕೇಳಿಸಿತು. ಒಂದು ವರ್ಷದಿಂದ ಅವಳು ಆ ದನಿ ಕೇಳಿರಲಿಲ್ಲ.

ಆ ದಿನ ಗೋಯ್ದ ಮೀನು ತಿಂದ. ಯಾರೂ ನೆನಪಿಸದೆ ಗುಳಿಗೆ ನುಂಗಿದ. ಅಕ್ಕೋರು ಪಾದದ ಮರಳು ಕೊಡವಿ ಬೇರೆ ಊರಿನ ಬಸ್ಸು ಹಿಡಿದಳು. ಅವಳಿಗೆ ಹೋಗಿ ಬನ್ನಿ ಎಂದವರು ಯಾರೂ ಇರಲಿಲ್ಲ. ಎಲ್ಲರೂ ಪಾಲಿನ ಜಗಳದಲ್ಲಿದ್ದರು.

ಗುರುಗಳು ಕತೆ ಮುಗಿಸಿದರು. ಶಿಷ್ಯೆಗೆ ಸಮಾಧಾನವಾಗಿರಲಿಲ್ಲ. ದಡದಲ್ಲಿ ನಿಂತವಳ ಜವಾಬ್ದಾರಿ ಅವಳನ್ನು ಹೆದರಿಸಿತ್ತು.

"ಗುರುಗಳೇ, ಹಗ್ಗ ಹಿಡಿದಿದ್ದಾಗಲೇ ಅವನಿಗೆ ಮತ್ತೆ ಆ ಕರೆ ಕೇಳಿಸಿ ಕೈ ಸೋತಿದ್ದರೆ?"

ಗುರುಗಳು ಹೇಳಿದರು: "ಯಾರ ಕೈಯೂ ಯಾವತ್ತೂ ಸೋಲುವುದಿಲ್ಲ ಎಂದಿದ್ದರೆ, ಒಂದು ಹಗ್ಗಕ್ಕೆ ಅರವತ್ತು ಜನ ಏಕೆ ಬೇಕು?"