ತೇನೆಹಕ್ಕಿ ಬರಿಗಲ್ಲಿನ ಮೇಲೆ ಮೊಟ್ಟೆ ಯಾಕಿಡುತ್ತದೆ

ಭೂಮಿ ಹುಟ್ಟಿ ಇನ್ನೂ ಅದರ ಮೈ ಆರಿರಲಿಲ್ಲ. ಬೆಟ್ಟಗಳು ಹಸಿ ಮಣ್ಣಿನ ಮುದ್ದೆಗಳಂತಿದ್ದವು. ಬೆರಳಿಟ್ಟರೆ ಗುಳಿ ಬೀಳುತ್ತಿತ್ತು. ಗಾಳಿಗೆ ದಿಕ್ಕು ಗೊತ್ತಿರಲಿಲ್ಲ. ನದಿಗೆ ದಡ ಇರಲಿಲ್ಲ.

ದಡವಿಲ್ಲದ ನದಿ ಎಂದರೆ ಏನೆಂದುಕೊಂಡಿರಿ? ಇವತ್ತು ಇವರ ಮನೆ, ನಾಳೆ ಅವರ ಮನೆ. ಇರುವೆಯ ಅಡುಗೆಮನೆಗೆ ನುಗ್ಗುವಳು, ಮೊಲದ ಹಾಸಿಗೆ ನೆನೆಸುವಳು. "ಏನಮ್ಮಾ ಇದು?" ಎಂದು ಕೇಳಿದರೆ, "ನನಗೆ ಯಾರಾದರೂ ದಾರಿ ತೋರಿಸಿದ್ದೀರಾ? ತೋರಿಸಿ, ಅದರಲ್ಲೇ ಹೋಗುತ್ತೇನೆ," ಎನ್ನುವಳು. ಅವಳ ಮಾತೂ ಸರಿಯೇ.

ನದಿಗೆ ದಡ ಕಟ್ಟಬೇಕೆಂದು ಎಲ್ಲರೂ ಕೂತು ತೀರ್ಮಾನ ಮಾಡಿದರು. ಕೆಲಸ ದೊಡ್ಡದು, ನಿಂತು ಮಾಡಿಸಲು ಒಬ್ಬ ಮೇಸ್ತ್ರಿ ಬೇಕು. ಸಭೆಯ ಕೊನೆಯಲ್ಲಿ ಬೆಳ್ಳಕ್ಕಿ ಕೂತಿದ್ದ. ಮೈಮೇಲೆ ಒಂದು ಚೂರೂ ಕೆಸರಿಲ್ಲ, ಬಟ್ಟೆ ಬೆಳ್ಳಗೆ ಬೆಳ್ಳಗೆ. ಬಿಳಿ ಬಟ್ಟೆ ಕಂಡರೆ ಎದ್ದು ನಿಲ್ಲುವ ಕೆಟ್ಟ ಚಾಳಿ ಆಗಲೇ ಶುರುವಾಗಿತ್ತು. ಯಾರೋ ಒಬ್ಬರು ಎದ್ದರು. ಅವರನ್ನು ನೋಡಿ ಉಳಿದವರೂ ಎದ್ದರು. ಬೆಳ್ಳಕ್ಕಿ ಮೇಸ್ತ್ರಿಯಾದ.

ಇವನಿಗೆ ಕೆಲಸ ಬರುತ್ತದೆಯೇ ಎಂದು ಒಬ್ಬರೂ ಕೇಳಲಿಲ್ಲ. ನನಗೆ ಈಗಲೂ ಸಿಟ್ಟು ಬರುವುದು ಅದಕ್ಕೇ.

ಎಲ್ಲೆಲ್ಲಿಂದಲೋ ದುಡಿಯಲು ಬಂದರು. ಮಣ್ಣು ತುಳಿಯಲು ಎಮ್ಮೆಯಕ್ಕ ಬಂದಳು. ಮಣ್ಣು ತಳ್ಳಲು ಕಪ್ಪೆಯಣ್ಣ ಬಂದ. ಕಲ್ಲು ಆರಿಸಲು ಟಿಟ್ಟವ್ವ ತನ್ನ ಗಂಡನ ಜೊತೆ ಒಂಬತ್ತು ದಿನ ಹಾರಿಕೊಂಡು ಬಂದಳು. ಟಿಟ್ಟವ್ವ ಎಂದರೆ ತೇನೆಹಕ್ಕಿ. ನಾನು ಹುಟ್ಟಿದ ಕಡೆ ತೇನೆಹಕ್ಕಿ ಎನ್ನುತ್ತಾರೆ, ಇಲ್ಲಿಯವರು ಟಿಟ್ಟಿಭ ಎನ್ನುತ್ತಾರೆ. ಯಾವ ಹೆಸರಿನಿಂದ ಕರೆದರೂ ಅವಳ ಬೈಗುಳ ಒಂದೇ.

ಆದರೆ ಆಗ ಅವಳು ಬೈಯುತ್ತಿರಲಿಲ್ಲ. ಆಗ ಅವಳಷ್ಟು ಮೆತ್ತಗಿನ ಗೂಡು ಕಟ್ಟುವವರು ಯಾರೂ ಇರಲಿಲ್ಲ. ಅವಳ ಊರಿನಲ್ಲಿ ಬೂರುಗದ ಮರಗಳಿದ್ದವು. ಅದರ ಹತ್ತಿಯನ್ನು ಎಳೆ ಎಳೆಯಾಗಿ ಬಿಡಿಸಿ ಹಾಸುವಳು. ಕೆಲಸಕ್ಕೆ ಹೊರಟಾಗ ಬೇರೇನೂ ತರಲಿಲ್ಲ, ರೆಕ್ಕೆಯ ಕೆಳಗೆ ಒಂದು ಹಿಡಿ ಹತ್ತಿ ತಂದಳು.

ಊರು ಬಿಟ್ಟು ದುಡಿಯಲು ಹೋದವರಿಗೆ ದೊಡ್ಡ ಸುಖವೇನೂ ಬೇಕಿಲ್ಲ. ಸಂಜೆಗೆ ಒಂದು ಚೂರು ಸಾಕು.

ಕಪ್ಪೆಯಣ್ಣನಿಗೆ ಕಲ್ಲಿನ ಸಂದಿಯಲ್ಲಿ ಅಂಗೈಯಗಲದ ಹೊಂಡವಿತ್ತು. ದಿನವೆಲ್ಲ ಮಣ್ಣು ತಳ್ಳಿ ಬಂದು ಅದರಲ್ಲಿ ಕತ್ತಿನವರೆಗೆ ಮುಳುಗಿ ಕಣ್ಣು ಮುಚ್ಚುವನು. ಎಮ್ಮೆಯಕ್ಕನಿಗೆ ಒಂದಿಷ್ಟು ಬೆಚ್ಚನೆಯ ಕೆಸರಿತ್ತು. ಅದರಲ್ಲಿ ಉರುಳಿ, ಮೆಲುಕು ಹಾಕುತ್ತ ಮಲಗುವಳು. ಟಿಟ್ಟವ್ವ ಸುಡುವ ಕಲ್ಲಿನಿಂದ ಬಂದು ಹತ್ತಿಯೊಳಗೆ ಕಾಲು ಮಡಚಿ ಕೂತು "ಅಪ್ಪಾ!" ಎನ್ನುವಳು. ಅಷ್ಟೇ. ಆ ಒಂದು "ಅಪ್ಪಾ!" ಎನ್ನುವುದಕ್ಕಾಗಿ ಅವಳು ಇಡೀ ದಿನ ದುಡಿಯುತ್ತಿದ್ದಳು.

ಮೇಸ್ತ್ರಿ ಒಂಟಿಕಾಲಿನಲ್ಲಿ ನಿಂತು ನೋಡುತ್ತಿದ್ದ. ಬೇರೆ ಕೆಲಸವೇ ಇಲ್ಲದವನಿಗೆ ಎಲ್ಲವೂ ಕಾಣುತ್ತದೆ.

ಒಂದು ದಿನ ಅವನು ಬಂದು, "ಕಪ್ಪೆಯಣ್ಣ, ನಿನ್ನ ಹೊಂಡದ ನೀರು ಮಣ್ಣು ಕಲಸಲು ಬೇಕು," ಎಂದ.

ಪಕ್ಕದಲ್ಲೇ ನದಿಯಿದ್ದಳು, ಬೇಕಾದಷ್ಟು ನೀರಿನ ಸಮೇತ. ಆದರೂ ಮೇಸ್ತ್ರಿಗೆ ಕಪ್ಪೆಯ ಹೊಂಡವೇ ಬೇಕಾಯಿತು. ಹೊಂಡ ಬರಿದಾಯಿತು. ಕಪ್ಪೆಯಣ್ಣ ಒಣಗಿದ ಕಲ್ಲಿನ ಮೇಲೆ ಕೂತು ಗೊಣಗಿದ. ಟಿಟ್ಟವ್ವ ತನ್ನ ಹತ್ತಿಯೊಳಗಿಂದ ಕತ್ತೆತ್ತಿ, "ಹೋಗಲಿ ಬಿಡೋ ಕಪ್ಪೆಯಣ್ಣ, ನೀರು ತಾನೇ," ಎಂದಳು.

ಮರುದಿನ ಮೇಸ್ತ್ರಿ ಎಮ್ಮೆಯಕ್ಕನ ಕೆಸರಿನ ಮೇಲೆ ಒಣಮಣ್ಣು ಸುರಿಸಿದ. "ಮಲಗಿದರೆ ಮೈ ಭಾರವಾಗುತ್ತದೆ," ಎಂದ. ಎಮ್ಮೆಯಕ್ಕ ನಿಂತೇ ಮೆಲುಕು ಹಾಕಿದಳು. ಅವತ್ತು ಕಪ್ಪೆಯಣ್ಣನೂ ಟಿಟ್ಟವ್ವನೂ ಒಟ್ಟಿಗೆ, "ಹೋಗಲಿ ಬಿಡಕ್ಕಾ, ಕೆಸರು ತಾನೇ," ಎಂದರು.

ಆ ದಿನಗಳಲ್ಲಿ ಟಿಟ್ಟವ್ವನಿಗೆ ಮೊಟ್ಟೆಯಿಡುವ ಹೊತ್ತು ಹತ್ತಿರ ಬಂದಿತ್ತು. ಮೂರನೆಯ ದಿನ ಬೆಳಗ್ಗೆಯಿಂದ ಹೊಟ್ಟೆ ಬಿಗಿಯುತ್ತಿತ್ತು. ಮಧ್ಯಾಹ್ನ ಕಲ್ಲು ಆರಿಸುವುದನ್ನು ಬಿಟ್ಟು ಗೂಡಿಗೆ ಓಡಿ ಬಂದಳು.

ಗೂಡಿರಲಿಲ್ಲ.

ಇದ್ದ ಜಾಗದಲ್ಲಿ ಒಂದು ಎಳೆಯೂ ಇರಲಿಲ್ಲ. ಕೆಲಸಕ್ಕೆ ಬಂದಿದ್ದ ಉಳಿದ ಹಕ್ಕಿಗಳ ಗೂಡಿನ ನಾರು, ಹುಲ್ಲು, ಕಡ್ಡಿ ಯಾವುದೂ ಇರಲಿಲ್ಲ. ಎಲ್ಲರೂ ಕೆಲಸದಲ್ಲಿದ್ದಾಗ ಯಾರೋ ಗುಡಿಸಿಕೊಂಡು ಹೋಗಿದ್ದರು.

"ಮೇಸ್ತ್ರಿಗಳೇ, ನನ್ನ ಗೂಡು?" ಎಂದು ಕೇಳಿದಳು.

"ದಡ ಬಿರುಕು ಬಿಡುತ್ತಿದೆಯಮ್ಮ. ಮಣ್ಣಿಗೆ ನಾರು ಬೇಕಿತ್ತು, ಹಾಕಿಸಿದೆ. ಎಲ್ಲರ ಒಳ್ಳೆಯದಕ್ಕೇ ಅಲ್ಲವೇ?"

"ನನಗೆ ಇವತ್ತು ಮೊಟ್ಟೆ."

"ಕೆಲಸಕ್ಕೆ ಬಂದವರಿಗೆ ಹಾಸಿಗೆ ಯಾಕೆ? ನಿಮ್ಮ ಮನೆಯಲ್ಲಿ ಇಲ್ಲವೇ ಹಾಸಿಗೆ?"

"ಮನೆಯಲ್ಲಿ ನೋಯುವ ಬೆನ್ನೇ ಸ್ವಾಮಿ ಇಲ್ಲಿಗೂ ಬಂದಿರುವುದು! ಬೇರೆ ಬೆನ್ನು ತಂದಿಲ್ಲ ನಾನು!"

ಬೆಳ್ಳಕ್ಕಿ ಕಾಲು ಬದಲಾಯಿಸಿ ನಿಂತ.

ಟಿಟ್ಟವ್ವ ಕಪ್ಪೆಯಣ್ಣನ ಕಡೆ ತಿರುಗಿದಳು. "ನೋಡಿದೆಯಾ ಇವರು ಮಾಡಿದ್ದು?"

ಕಪ್ಪೆಯಣ್ಣ ಒಣಗಿದ ಬಾಯಿ ತೆರೆದು, "ಹೋಗಲಿ ಬಿಡು ಟಿಟ್ಟವ್ವ, ಹತ್ತಿ ತಾನೇ," ಎಂದ.

ಕೆನ್ನೆಗೆ ಹೊಡೆದಂತಾಯಿತು ಅವಳಿಗೆ. ಸಿಟ್ಟು ಮೇಸ್ತ್ರಿಯ ಮೇಲಷ್ಟೇ ಅಲ್ಲ, ತನ್ನ ಮೇಲೂ ಬಂತು. ನೀರು ತಾನೇ ಎಂದಿದ್ದವಳು ಯಾರು? ಕೆಸರು ತಾನೇ ಎಂದಿದ್ದವಳು ಯಾರು? ಎರಡು ಸಲ ಸುಮ್ಮನಿದ್ದಕ್ಕೇ ಅಲ್ಲವೇ ಮೂರನೆಯ ಸಲ ತನ್ನ ಬಾಗಿಲಿಗೆ ಬಂದದ್ದು?

ಆದರೆ ಹೊಟ್ಟೆಗೆ ಸಿಟ್ಟು ತಿಳಿಯುತ್ತದೆಯೇ? ಮೊಟ್ಟೆ ಬಂದೇ ಬಂತು. ಬರಿನೆಲದ ಮೇಲೆ, ಸುಡುವ ಕಲ್ಲುಗಳ ನಡುವೆ, ಒಂದು, ಎರಡು, ಮೂರು, ನಾಲ್ಕು. ಬೆಳ್ಳಗಿನ ಮೊಟ್ಟೆಗಳು. ಅವಳ ಗಂಡ ಮಾತಾಡುವವನಲ್ಲ. ಸಣ್ಣ ಕಲ್ಲುಗಳನ್ನು ಒಂದೊಂದಾಗಿ ಕಚ್ಚಿ ತಂದು ಸುತ್ತಲೂ ಇಟ್ಟ. ಉರುಳಿಹೋಗದಿರಲಿ ಎಂದು ಅವನಿಂದ ಆದದ್ದು ಅಷ್ಟೇ.

ಮರುದಿನ ಬೆಳಗ್ಗೆ ಮೇಸ್ತ್ರಿ ದಡದ ಗೆರೆ ಎಳೆಸಿದ. ಗೆರೆ ನೇರವಾಗಿ ಮೊಟ್ಟೆಗಳ ಮೇಲೇ ಹೋಯಿತು.

"ಎಮ್ಮೆಯಕ್ಕ, ಇಲ್ಲಿಂದ ಅಲ್ಲಿಯವರೆಗೆ ತುಳಿ," ಎಂದ.

ಎಮ್ಮೆಯಕ್ಕ ಬಂದಳು. ಎರಡು ದಿನದಿಂದ ಮಲಗಿರಲಿಲ್ಲ, ಕಣ್ಣುಗಳು ಕೆಂಪಾಗಿದ್ದವು. ಅವಳ ಒಂದೊಂದು ಗೊರಸೂ ನಾಲ್ಕು ಮೊಟ್ಟೆಗಳಿಗಿಂತ ದೊಡ್ಡದಿತ್ತು.

ಟಿಟ್ಟವ್ವ ಎದುರಿಗೆ ಹೋಗಿ ನಿಂತಳು. ಎಮ್ಮೆಯ ಮೊಣಕಾಲಿನಷ್ಟೂ ಎತ್ತರವಿಲ್ಲ. ರೆಕ್ಕೆ ಬಿಚ್ಚಿದಳು.

"ಪಕ್ಕಕ್ಕೆ ಸರಿಯೇ ತಾಯಿ," ಎಂದಳು ಎಮ್ಮೆಯಕ್ಕ. "ಮೇಸ್ತ್ರಿ ಹೇಳಿದ್ದಾರೆ. ನಾನೇನು ಮಾಡಲಿ?"

"ಗೊರಸು ಯಾರದೇ ಅಕ್ಕಾ?"

"ಏನು?"

"ನಿನ್ನ ಕಾಲಿನ ತುದಿಗೆ ಇದೆಯಲ್ಲ, ಅದು ನಿನ್ನದಾ, ಮೇಸ್ತ್ರಿದಾ? ನಿನ್ನದಾದರೆ ಇಡು ನೋಡೋಣ! ನನ್ನ ಮೇಲೆ ಇಡು, ಆಮೇಲೆ ಮೊಟ್ಟೆಯ ಮೇಲೆ ಇಡು! ಇಟ್ಟು, ಸಂಜೆ ನಿಂತುಕೊಂಡೇ ನಿದ್ದೆ ಮಾಡು!"

ಎಮ್ಮೆಯಕ್ಕ ಎತ್ತಿದ ಕಾಲನ್ನು ಗಾಳಿಯಲ್ಲೇ ಹಿಡಿದಳು. ನಿಧಾನಕ್ಕೆ ಪಕ್ಕಕ್ಕೆ ಇಳಿಸಿದಳು. ಗೊರಸು ದಡಕ್ಕೆಂದು ಕಲಸಿಟ್ಟಿದ್ದ ಹಸಿ ಮಣ್ಣಿನಲ್ಲಿ ಹೂತು ಕೆಸರು ಸಿಡಿಯಿತು. ಬಿಳಿ ಮೊಟ್ಟೆಗಳ ತುಂಬ ಕಪ್ಪು ಕಂದು ಚುಕ್ಕೆಗಳಾದವು.

"ನಾನು ತುಳಿಯುವುದಿಲ್ಲ," ಎಂದಳು ಎಮ್ಮೆಯಕ್ಕ.

ಮೇಸ್ತ್ರಿ ದನಿ ಬದಲಾಯಿಸಿದ. ಅಂಥವರಿಗೆ ಎರಡು ದನಿ ಇರುತ್ತವೆ. "ಅಯ್ಯೋ, ನನಗೂ ಕರುಳಿಲ್ಲವೇ? ಮೊಟ್ಟೆಗಳನ್ನು ಮರದ ಮೇಲೆ ನನ್ನ ಗೂಡಿನಲ್ಲಿ ಇಟ್ಟುಕೊಳ್ಳುತ್ತೇನೆ. ಅಷ್ಟು ಮೆತ್ತಗಿನ ಗೂಡು ಇಲ್ಲೆಲ್ಲೂ ಇಲ್ಲ."

ಟಿಟ್ಟವ್ವ ತಲೆ ಓರೆ ಮಾಡಿದಳು. "ನಿನ್ನದು ಕಡ್ಡಿಯ ಗೂಡಲ್ಲವೇನೋ? ಮೆತ್ತಗಾದದ್ದು ಯಾವಾಗ?"

'ನೀವು' ಹೋಗಿ 'ನೀನು' ಬಂದದ್ದನ್ನು ಎಲ್ಲರೂ ಕೇಳಿಸಿಕೊಂಡರು.

ಎಮ್ಮೆಯಕ್ಕ ಮೆಲುಕು ನಿಲ್ಲಿಸಿದಳು. "ಹೌದಲ್ಲ. ನಿನ್ನೆಯ ಮಣ್ಣು ಪೂರ್ತಿ ತುಳಿದವಳು ನಾನು. ನಾರು ಸಿಕ್ಕಿತು, ಹುಲ್ಲು ಸಿಕ್ಕಿತು. ಹತ್ತಿ ಒಂದೆಳೆಯೂ ಸಿಗಲಿಲ್ಲ. ಇಷ್ಟು ನೋಯುವ ಕಾಲಿಗೆ ಮೆತ್ತಗಿನದು ತಾಗಿದ್ದರೆ ಗೊತ್ತಾಗುತ್ತಿರಲಿಲ್ಲವೇ?"

"ಗಾಳಿಯಣ್ಣಾ!" ಟಿಟ್ಟವ್ವ ಕೂಗಿದಳು. "ಇದ್ದೀಯಾ? ಆ ಮರ ಒಂದು ಸಲ ಅಲುಗಿಸು!"

"ಯಾವ ದಿಕ್ಕಿನಿಂದ?" ಎಂದ ಗಾಳಿ. ಅವನಿಗೆ ಅದೇ ಚಿಂತೆ.

"ಯಾವುದಾದರೂ ಆಗಲಿ, ಅಲುಗಿಸು!"

ಗಾಳಿ ಎಲ್ಲ ದಿಕ್ಕಿನಿಂದಲೂ ಅಲುಗಿಸಿದ. ಮರದ ಮೇಲಿಂದ ಬೂರುಗದ ಹತ್ತಿ ಇಳಿಯಿತು. ಎಳೆ ಎಳೆಯಾಗಿ, ಮೆಲ್ಲಗೆ, ಎಲ್ಲರ ತಲೆಯ ಮೇಲೆ, ಮೇಸ್ತ್ರಿಯ ಕೊಕ್ಕಿನ ಮೇಲೆ.

"ದಡಕ್ಕೆ ಹಾಕಿದೆ ಎಂದೆಯಲ್ಲೋ!" ಮೊದಲು ಕೂಗಿದವನು ಕಪ್ಪೆಯಣ್ಣ. "ನನ್ನ ಹೊಂಡದ ನೀರಿನಲ್ಲಿ ಏನು ಮಾಡಿದೆ? ನಿನ್ನ ಬಟ್ಟೆ ಒಗೆದೆಯಾ?"

ಟಿಟ್ಟವ್ವ ಮೇಲೆದ್ದಳು. ನೇರವಾಗಿ ಬೆಳ್ಳಕ್ಕಿಯ ತಲೆಗೆ ಎರಗಿದಳು, ತಿರುಗಿ ಬಂದು ಮತ್ತೆ ಎರಗಿದಳು. "ಟಿಟ್ಟಿಟ್ಟೀ! ಟಿಟ್ಟಿಟ್ಟೀ!" ಅದರಲ್ಲಿ ಯಾವ ಬೈಗುಳವಿತ್ತೆಂದು ನಾನು ಮಕ್ಕಳಿಗೆ ಹೇಳುವುದಿಲ್ಲ. ಅವಳು ಎಷ್ಟು ಕೂಗಿದಳೆಂದರೆ ಕೊಕ್ಕು ಕೆಂಪಾಯಿತು, ಕಣ್ಣಿನ ಮುಂದಿನ ಚರ್ಮ ಉಬ್ಬಿ ಕೆಂಪಾಯಿತು. ಬೆಳ್ಳಕ್ಕಿ ಕತ್ತು ಒಳಗೆಳೆದುಕೊಂಡು ಓಡಿದ. ಅವನು ಹಾದುಹೋಗುವಾಗ ಯಾರೂ ಎದ್ದು ನಿಲ್ಲಲಿಲ್ಲ.

ನದಿ ಎಲ್ಲವನ್ನೂ ನೋಡುತ್ತಿದ್ದಳು. "ನನಗೆ ಇಲ್ಲಿ ಎತ್ತರದ ದಡ ಬೇಡ," ಎಂದಳು. "ಇಷ್ಟು ದೂರ ಕಲ್ಲು ಹಾಗೇ ಇರಲಿ. ನಾನೇ ಸರಿದು ಹೋಗುತ್ತೇನೆ." ಹಾಗೆಂದು ಮೈ ಬಾಗಿಸಿ ಸುತ್ತಿ ಹೋದಳು.

ಕಪ್ಪೆಯಣ್ಣ ನಾಚಿಕೆಯಿಂದ ಹತ್ತಿರ ಬಂದ. "ಟಿಟ್ಟವ್ವ, ಹತ್ತಿ ಆರಿಸಿ ತರಲೇನೇ?"

"ಬೇಡ."

"ಮೆತ್ತಗಿರುತ್ತದೆ. ನಿನ್ನದೇ ಅಲ್ಲವೇ?"

"ನನ್ನದೇ. ಹಾಸಿದರೆ ನಾಳೆ ಇನ್ನೊಬ್ಬ ಬಿಳಿ ಬಟ್ಟೆಯವನು ಬರುತ್ತಾನೆ. ಕಿತ್ತುಕೊಳ್ಳಲು ನನ್ನ ಹತ್ತಿರ ಏನೂ ಇರಬಾರದು. ಕಿತ್ತುಕೊಳ್ಳಲು ಬಂದವನಿಗೆ ಮಾತ್ರ ಕಿವಿ ಕಿವುಡಾಗಬೇಕು."

ಇದು ಸರಿಯೋ ತಪ್ಪೋ, ನಾನು ಹೇಳಲಾರೆ. ಮೆತ್ತಗಿನ ಹಾಸಿಗೆ ಬಿಟ್ಟುಕೊಡುವುದು ಸುಲಭದ ಮಾತಲ್ಲ. ಅವಳು ಬಿಟ್ಟಳು, ಹಾಗೆ ಬಿಡಬೇಕಾಗಿ ಬಂದ ಸಿಟ್ಟನ್ನು ಮಾತ್ರ ಬಿಡಲಿಲ್ಲ.

ಇಪ್ಪತ್ತೆಂಟು ದಿನ ಗಂಡ ಹೆಂಡತಿ ಸರದಿಯ ಮೇಲೆ ಕಾವು ಕೂತರು. ಮಧ್ಯಾಹ್ನ ಕಲ್ಲು ಕಾದಾಗ ಮೊಟ್ಟೆ ಬೆಂದುಹೋಗುವ ಹಾಗಾಗುತ್ತಿತ್ತು. ಟಿಟ್ಟವ್ವ ಸೂರ್ಯನನ್ನೂ ಬೈದಳು. ಅವನು ಕದಲಲಿಲ್ಲ. ಆಗ ಕಪ್ಪೆಯಣ್ಣ ಹೊಸ ಹೊಂಡ ತೋಡಿ, "ಬಾ, ಹೊಟ್ಟೆ ನೆನೆಸಿಕೊಂಡು ಹೋಗು," ಎಂದ. ಅವಳು ಹೊಟ್ಟೆಯ ಗರಿ ತೋಯಿಸಿಕೊಂಡು ಬಂದು ಮೊಟ್ಟೆಗಳ ಮೇಲೆ ತಣ್ಣಗೆ ಕೂತಳು. ಎಮ್ಮೆಯಕ್ಕ ತನ್ನ ಹಳೆಯ ಕೆಸರಿನ ಮೇಲಿನ ಒಣಮಣ್ಣನ್ನು ಕೊಂಬಿನಿಂದ ಕೆದರಿ ತೆಗೆದು, ಯಾರ ಅಪ್ಪಣೆಯನ್ನೂ ಕೇಳದೆ ಉರುಳಿದಳು.

ನಾಲ್ಕೂ ಮೊಟ್ಟೆ ಒಡೆದವು. ಮರಿಗಳು ಹುಟ್ಟಿದ ದಿನವೇ ಎದ್ದು ಓಡಾಡಿದವು. ಮಲಗಿರಲು ಅಲ್ಲಿ ಏನಿತ್ತು?

ಬೆಳ್ಳಕ್ಕಿಗೆ ಮಾತ್ರ ಮೇಸ್ತ್ರಿಯ ಹುಚ್ಚು ಬಿಡಲಿಲ್ಲ. ಈಗಲೂ ಎಮ್ಮೆಗಳ ಹಿಂದೆ ಹಿಂದೆ ನಡೆಯುತ್ತಾನೆ, ತಾನೇ ಮೇಯಿಸುತ್ತಿರುವವನ ಹಾಗೆ. ಎಮ್ಮೆಗಳು ಅವನನ್ನು ತಿರುಗಿಯೂ ನೋಡುವುದಿಲ್ಲ.

ಅದಕ್ಕೇ ಮಕ್ಕಳೇ, ಇವತ್ತಿಗೂ ತೇನೆಹಕ್ಕಿ ಒಂದು ಎಳೆ ಹುಲ್ಲನ್ನೂ ಹಾಸದೆ ಬರಿಗಲ್ಲುಗಳ ನಡುವೆ ಚುಕ್ಕೆಯ ಮೊಟ್ಟೆಯಿಡುತ್ತದೆ. ನೀವು ಏನೂ ತಪ್ಪು ಮಾಡದೆ ಬಯಲಿನಲ್ಲಿ ನಿಮ್ಮ ಪಾಡಿಗೆ ನಡೆದು ಹೋಗುತ್ತಿದ್ದರೂ, ನೀವಿನ್ನೂ ನೂರು ಹೆಜ್ಜೆ ದೂರವಿರುವಾಗಲೇ, ನೀವು ಯಾರೆಂದು ಕೇಳುತ್ತ ಕೂರದೆ ಕಣ್ಣು ಕೆಂಪಗೆ ಮಾಡಿಕೊಂಡು ತಲೆಯ ಮೇಲೆ ಬಂದು ಕೂಗುತ್ತದೆ.